ಫ್ಯಾಲೋ ಅಂದರೆ ಪಾಳು ಅಲ್ಲ

ನಾನು ಓದಿದ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರರು ಒಂದು ಪದ್ಧತಿ ಇಟ್ಟಿದ್ದರು. ದಿನಕ್ಕೆ ಐದು ಪದ. ಪಟ್ಟಿಯ ಹಾಳೆಗೆ ಗೆರೆ ಎಳೆದು ಮೂರು ಕಾಲಂ ಮಾಡಬೇಕು. ಮೊದಲನೆಯದರಲ್ಲಿ ಪದ, ಎರಡನೆಯದರಲ್ಲಿ ಅರ್ಥ, ಮೂರನೆಯದರಲ್ಲಿ ಸ್ವಂತ ವಾಕ್ಯ. ಮೊದಲ ಎರಡು ಕಾಲಂ ತುಂಬಲು ನಮಗೆ ಕಷ್ಟವಿರಲಿಲ್ಲ, ಅಟ್ಟದ ಮೇಲಿದ್ದ ಹಳೆಯ ಡಿಕ್ಷನರಿ ಸಾಕಿತ್ತು. ಮೂರನೆಯದಕ್ಕೆ ಬಂದಾಗ ಇಡೀ ತರಗತಿಯೇ ಒಂದು ಉಪಾಯ ಕಂಡುಕೊಂಡಿತ್ತು. ಪದ ಯಾವುದೇ ಇರಲಿ, 'ನನಗೆ ಇದು ಇಷ್ಟ' ಅಥವಾ 'ರಾಮನಿಗೆ ಇದು ಗೊತ್ತು' ಎಂದು ಬರೆದುಬಿಡುವುದು. ವ್ಯಾಕರಣ ತಪ್ಪಿರುತ್ತಿರಲಿಲ್ಲ, ಹಾಗಾಗಿ ಮಾಸ್ತರರೂ ಸಹಿ ಹಾಕುತ್ತಿದ್ದರು. ಹೀಗೆ ನಾನು ಎಷ್ಟೋ ಪದಗಳನ್ನು ಒಮ್ಮೆಯೂ ಬಳಸದೆ ಕಲಿತೆ.

ಅಂಥ ಪದಗಳಲ್ಲಿ ಒಂದು ಫ್ಯಾಲೋ. ಅರ್ಥದ ಕಾಲಂನಲ್ಲಿ 'ಪಾಳು ಭೂಮಿ' ಎಂದು ಬರೆದದ್ದು ನೆನಪಿದೆ. ಸ್ವಂತ ವಾಕ್ಯ ಏನು ಬರೆದಿದ್ದೆನೋ ನೆನಪಿಲ್ಲ. ಬಹುಶಃ ಪಾಳು ಭೂಮಿ ರಾಮನಿಗೆ ಇಷ್ಟವಾಗಿರಬೇಕು.

ಅದಾಗಿ ಹನ್ನೆರಡು ಹದಿಮೂರು ವರ್ಷಗಳ ನಂತರ ಆ ಪದ ಮತ್ತೆ ಎದುರಾಯಿತು. ಗದಗ ಜಿಲ್ಲೆಯ ಒಣಬೇಸಾಯದ ಊರುಗಳಲ್ಲಿ ಭೂಮಿಯ ಬಳಕೆ ಹೇಗೆ ಬದಲಾಗಿದೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಅದಕ್ಕಾಗಿ ಮನೆಮನೆಗೆ ಹೋಗಿ ಕೇಳಬೇಕಾದ ಪ್ರಶ್ನಾವಳಿಯನ್ನು ಮೊದಲು ಇಂಗ್ಲಿಷಿನಲ್ಲಿ ತಯಾರಿಸಿ, ಮಾರ್ಗದರ್ಶಕರಿಂದ ಒಪ್ಪಿಗೆ ಪಡೆದು, ಆಮೇಲೆ ಕನ್ನಡಕ್ಕೆ ತಂದೆ. ಲಕ್ಷ್ಮೇಶ್ವರದಿಂದ ಗದಗಿಗೆ ಹೋಗುವ ಬಸ್ಸಿನಲ್ಲಿ, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಅರ್ಧ ಅನುವಾದ ಮುಗಿಸಿದ್ದೆ. ಹನ್ನೊಂದನೆಯ ಪ್ರಶ್ನೆಯಲ್ಲಿ ಫ್ಯಾಲೋ ಬಂತು. ಯೋಚಿಸುವಂಥದ್ದೇನೂ ಕಾಣಲಿಲ್ಲ. ಶಾಲೆಯ ಪಟ್ಟಿಯೇ ಕಣ್ಣ ಮುಂದಿತ್ತು. 'ಈ ಮುಂಗಾರಿನಲ್ಲಿ ಎಷ್ಟು ಎಕರೆ ಭೂಮಿಯನ್ನು ಪಾಳು ಬಿಟ್ಟಿದ್ದೀರಿ?' ಎಂದು ಬರೆದು ಮುಂದಿನ ಪ್ರಶ್ನೆಗೆ ಹೋದೆ. ಬೆಟಗೇರಿಯಲ್ಲಿ ಇಳಿದು ಐವತ್ತು ಪ್ರತಿ ಜೆರಾಕ್ಸ್ ಮಾಡಿಸಿದೆ.

ಆಗಸ್ಟ್ ತಿಂಗಳು. ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿ, ಸುತ್ತ ಎರೆ ಭೂಮಿ. ಬಸ್‌ಸ್ಟ್ಯಾಂಡಿನ ಎದುರಿನ ಕಟ್ಟೆಯ ಮೇಲೆ ಕೂತಿದ್ದ ಅಜ್ಜನೊಬ್ಬ, ನಾನು ಯಾರ ಮಗಳು, ಅವ್ವನ ತವರು ಯಾವುದು ಎಂದೆಲ್ಲ ಕೇಳಿ ತಿಳಿದುಕೊಂಡ ಮೇಲೆ ತನ್ನ ಮನೆಗೇ ಕರೆದುಕೊಂಡು ಹೋದ. ಚಹಾ ಬಂತು. ಹತ್ತು ಪ್ರಶ್ನೆಗಳಿಗೆ ಖುಷಿಯಿಂದ ಉತ್ತರ ಹೇಳಿದ. ಒಟ್ಟು ಎಂಟು ಎಕರೆ, ಎತ್ತು ಮಾರಿ ನಾಲ್ಕು ವರ್ಷ, ಒಬ್ಬ ಮಗ ಗೋವಾದಲ್ಲಿ ದುಡಿತಾನೆ, ಸೊಸೆ ಮೊಮ್ಮಕ್ಕಳೂ ಅಲ್ಲೇ. ಹನ್ನೊಂದನೆಯದನ್ನು ನಾನು ಹಾಳೆಯಲ್ಲಿದ್ದ ಹಾಗೇ ಓದಿದೆ.

ಅಜ್ಜ ಬಟ್ಟಲು ಕೆಳಗಿಟ್ಟ.

"ಏನಂದಿ ಯವ್ವಾ?"

ಮತ್ತೆ ಓದಿದೆ.

"ಪಾಳ ಬೀಳೋದು ಗುಡಿ. ಪಾಳ ಬೀಳೋದು ಮನಿ. ನನ್ನ ಹೊಲ ಯಾಕ ಪಾಳ ಬೀಳತೈತಿ? ಮೂರ ಸಲ ಹರಗೀನಿ ಈ ವರ್ಷ. ಬಾಡಗಿ ಟ್ರ್ಯಾಕ್ಟರ್ ತಂದು ಹರಗೀನಿ. ನೀ ನೋಡಿ ಏನ ನನ್ನ ಹೊಲಾನ?"

ಇದು ಬರಿ ಒಂದು ಪ್ರಶ್ನೆ, ಬೆಳೆ ಇಲ್ಲದ ಹೊಲ ಎಷ್ಟು ಅಂತ ಕೇಳಿದ್ದು ಅಷ್ಟೇ ಎಂದು ಸಮಾಧಾನ ಹೇಳಹೋದೆ. ಅದರಿಂದ ಮಾತು ಇನ್ನೂ ಕೆಟ್ಟಿತು. "ಹಂಗ ಬರಕೊಂಡು ಹೋದ್ರ ನಾಳೆ ಉತಾರದಾಗ ಪಾಳು ಅಂತ ಬರತೈತಿ. ವಿಮಾ ಇಲ್ಲ, ಸಾಲಾ ಇಲ್ಲ. ನೀ ಹೋಗವಾ, ಬಿಸಲ ಏರತೈತಿ" ಎಂದು ಎದ್ದು ನಿಂತ. ಬಾಗಿಲವರೆಗೂ ಬಂದು ಕಳಿಸಿದ. ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ಆದರೆ ಮುಂದಿನ ಮಾತಿಲ್ಲ. ನನ್ನ ಕೈಯಲ್ಲಿ ಅರ್ಧ ತುಂಬಿದ ಒಂದು ಫಾರ್ಮು, ಚೀಲದಲ್ಲಿ ನಲವತ್ತೊಂಬತ್ತು ಖಾಲಿ ಫಾರ್ಮು.

ಲಕ್ಷ್ಮೇಶ್ವರದ ನಮ್ಮ ಮನೆಗೆ ಹೊಲ ಇಲ್ಲ. ಅಪ್ಪ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಅವರಿಗೆ ಕಡಲೆಯ ದರ ಗೊತ್ತು, ಕಡಲೆಯ ಹೊಲ ಗೊತ್ತಿಲ್ಲ. ಅವ್ವ ಮಾತ್ರ ಒಕ್ಕಲುತನದ ಮನೆಯಿಂದ ಬಂದವಳು. ಅಂದು ರಾತ್ರಿ ಅವಳು ರೊಟ್ಟಿ ಬಡಿಯುತ್ತ ನನ್ನ ಕಥೆ ಕೇಳಿದಳು. ನಗು ತಡೆಯಲಿಲ್ಲ.

"ಹಿಂಗಾರಿ ಹೊಲಕ್ಕ ಪಾಳು ಅಂದ್ರ ಯಾರ ಸುಮ್ನ ಕುಂದರತಾರ? ಅದು ಹರಗಿ ಬಿಟ್ಟ ಹೊಲ."

"ಹಂಗಾದ್ರ ಪಾಳು ಅಂದ್ರ ಏನ?"

"ಪಾಳು ಅಂದ್ರ ಹಾಳು."

ಅವ್ವ ಸಹಜವಾಗಿ ಅಂದ ಆ ಮಾತು ನನಗೆ ತಟ್ಟಿತು. ಎರಡೂ ಒಂದೇ ಪದ. ಹಳಗನ್ನಡದ 'ಪ' ನಡುಗನ್ನಡದಲ್ಲಿ 'ಹ' ಆದದ್ದನ್ನು ನಾವು ಶಾಲೆಯಲ್ಲೇ ಓದಿದ್ದೆವು. ಪಾಲು ಹಾಲಾಯಿತು, ಪೂ ಹೂವಾಯಿತು. ನಮ್ಮ ಊರಿಗಂತೂ ಬೇರೆ ಉದಾಹರಣೆಯೇ ಬೇಡ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ, ಅದು ಹುಲಿಗೆರೆ ಆಯಿತು. ಅದೇ ದಾರಿಯಲ್ಲಿ ಪಾಳ್ ಹೋಗಿ ಹಾಳು ಆಗಿದೆ. ಹಳೆಯ ರೂಪ 'ಪಾಳು' ಕೆಲವು ಕಡೆ ಹಾಗೇ ಉಳಿದುಕೊಂಡಿದೆ, ಅಷ್ಟೇ. ಅಂದರೆ ನಾನು ಅಜ್ಜನನ್ನು ಕೇಳಿದ್ದು, 'ಈ ವರ್ಷ ಎಷ್ಟು ಎಕರೆ ಹಾಳು ಮಾಡಿದ್ದೀರಿ?' ಎಂದು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ಸೀಮೆಯನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಪಂಪನೂ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಹೇಳಿಕೊಂಡವನು. ನಮ್ಮೂರಿನ ಭಾಷಣಗಳಲ್ಲಿ ಈ ಮಾತು ಬರದ ಕಾರ್ಯಕ್ರಮವೇ ಇಲ್ಲ. ಅದೇ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಪಾಳು ಎಂಬ ಪದದ ತೂಕ ಗೊತ್ತಿರಲಿಲ್ಲ. ಅದನ್ನು ನಾನು ಕನ್ನಡವಾಗಿ ಕಲಿತಿರಲಿಲ್ಲ, ಇಂಗ್ಲಿಷ್ ಪದವೊಂದರ ಅರ್ಥವಾಗಿ ಬಾಯಿಪಾಠ ಮಾಡಿದ್ದೆ.

ಆ ರಾತ್ರಿ ಅವ್ವ ಹೇಳಿದ ಪದಗಳನ್ನು ಬರೆದುಕೊಂಡೆ. ಹರಗಿ ಬಿಟ್ಟದ್ದು ಬೇರೆ. ಒಡೆಯ ಇದ್ದೂ ಕೈಲಾಗದೆ, ಆಳು ಸಿಗದೆ, ಬಿತ್ತದೆ ಬಿಟ್ಟಿದ್ದು 'ಪಡಾ'. ಊರಿನ ದನ ಮೇಯಲು ಬಿಟ್ಟದ್ದು ಗಾಯರಾಣ. ಏನೂ ಬೆಳೆಯದ್ದು ಬಂಜರು. ಪಡ, ಗಾಯರಾಣ, ಉತಾರ ಇವೆಲ್ಲ ಮರಾಠಿಯಲ್ಲೂ ಇರುವ ಮಾತುಗಳು. ನಮ್ಮ ಭಾಗ ಮುಂಬಯಿ ಕಡೆಗಿತ್ತು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ ಇದ್ದವು. ನೆಲದ ಕಾಗದಗಳ ಜೊತೆ ಕಾಗದದ ಭಾಷೆಯೂ ಬಂದು ಒಕ್ಕಲಿಗರ ಬಾಯಲ್ಲಿ ಕನ್ನಡವಾಗಿದೆ. ಅವ್ವನಿಗೆ ಇವು ನಾಲ್ಕು ಬೇರೆ ಬೇರೆ ನೆಲಗಳು. ನನ್ನ ಪ್ರಶ್ನಾವಳಿಯಲ್ಲಿ ಎಲ್ಲಕ್ಕೂ ಒಂದೇ ಪದವಿತ್ತು.

ಹರಗುವುದು ಎಂದರೇನು ಎಂದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಗದಗ ಸೀಮೆಯ ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಅದೂ ನಂಬುವ ಹಾಗಿಲ್ಲ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮುಂಗಾರಿನಲ್ಲಿ ಬಿತ್ತದೆ ಬಿಟ್ಟ ಹೊಲದಲ್ಲಿ ಪ್ರತಿ ಹದ ಮಳೆಯ ನಂತರ ಕುಂಟೆ ಹೊಡೆಯುತ್ತಾರೆ. ಕಸ ಕಿತ್ತು ಬರುತ್ತದೆ, ಬಿರುಕು ಮುಚ್ಚುತ್ತದೆ, ಮೇಲೊಂದು ಪುಡಿಮಣ್ಣಿನ ಹೊದಿಕೆ ಆಗುತ್ತದೆ. ಕೆಳಗಿನ ಹಸಿ ಆರಿ ಹೋಗದೆ ಉಳಿಯುತ್ತದೆ. ಹೀಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂಡಿಟ್ಟ ಹಸಿಯ ಮೇಲೆ ಉತ್ತರಿ, ಹಸ್ತ ಮಳೆಗೆ ಬಿಳಿಜೋಳ, ಚಿತ್ತಿ ಮಳೆಗೆ ಕಡಲೆ ಬಿತ್ತುತ್ತಾರೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವಾಗ ಹಸಿರಾಗಿ ನಿಂತ ಜೋಳ ಕುಡಿಯುವುದು ನಾಲ್ಕು ತಿಂಗಳ ಹಿಂದಿನ ನೀರು. ರಸ್ತೆಯಿಂದ ನೋಡುವವರಿಗೆ ಆಗಸ್ಟಿನ ಆ ಹೊಲ ಖಾಲಿ. ಒಡೆಯನಿಗೆ ಅದು ವರ್ಷದ ಅತಿ ಹೆಚ್ಚು ಕೆಲಸದ ಕಾಲ.

ಇದಾದ ಮೇಲೆ ಇಂಗ್ಲಿಷ್ ಪದದ ಮೇಲೂ ನನಗೆ ಅನುಮಾನ ಬಂತು. ದೊಡ್ಡ ನಿಘಂಟನ್ನು ತೆರೆದು ಮೊದಲ ಬಾರಿ ಪೂರ್ತಿ ಓದಿದೆ. ಫ್ಯಾಲೋ ಎಂಬುದರ ಹಳೆಯ ಅರ್ಥ 'ಉತ್ತ ನೆಲ'. ಕ್ರಿಯಾಪದವಾಗಿ ಬಳಸಿದಾಗ ಅದು ನೆಲ ಉಳುವುದನ್ನೇ ಹೇಳುತ್ತಿತ್ತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಊರಿನ ಹೊಲಗಳನ್ನು ಮೂರು ಭಾಗ ಮಾಡಿ, ಪ್ರತಿ ವರ್ಷ ಒಂದು ಭಾಗವನ್ನು ಬಿತ್ತದೆ ಬಿಡುತ್ತಿದ್ದರು. ಸುಮ್ಮನೆ ಬಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ಎರಡು ಮೂರು ಸಲ ಉತ್ತು, ಕಸ ತೆಗೆದು, ದನ ಕುರಿ ಮೇಯಿಸಿ, ಗೊಬ್ಬರ ಬೀಳಿಸಿ ಮುಂದಿನ ಬಿತ್ತನೆಗೆ ಸಿದ್ಧ ಮಾಡುತ್ತಿದ್ದರು. ಆ ಪದ್ಧತಿ ಅಲ್ಲಿ ಕರಗುತ್ತ ಹೋದ ಮೇಲೆ ಪದದಿಂದ ಉಳುಮೆ ಕಳಚಿ, 'ಬಳಸದೆ ಬಿಟ್ಟದ್ದು' ಎಂಬುದು ಮಾತ್ರ ಉಳಿಯಿತು. ಇಂದು ಲೇಖಕ ಬರೆಯದ ವರ್ಷಗಳಿಗೂ, ಆಟಗಾರ ರನ್ ಗಳಿಸದ ದಿನಗಳಿಗೂ ಇಂಗ್ಲಿಷಿನಲ್ಲಿ ಅದೇ ಪದ ಬಳಸುತ್ತಾರೆ. ಅಂದ ಹಾಗೆ ಫ್ಯಾಲೋ ಜಿಂಕೆ ಎಂಬುದೊಂದಿದೆ. ಅದಕ್ಕೂ ಹೊಲಕ್ಕೂ ಸಂಬಂಧವಿಲ್ಲ. ಅದು ಮಾಸಲು ಕಂದು ಬಣ್ಣವನ್ನು ಹೇಳುವ ಬೇರೆ ಪದ. ನಿಘಂಟಿನಲ್ಲಿ ಅಕ್ಕಪಕ್ಕ ನಿಂತಿವೆ, ಅಷ್ಟೇ.

ಅಂದರೆ ಅಜ್ಜ ಕೋಪದಲ್ಲಿ ಹೇಳಿದ 'ಮೂರ ಸಲ ಹರಗೀನಿ' ಎಂಬುದೇ ಆ ಇಂಗ್ಲಿಷ್ ಪದದ ಮೂಲ ಅರ್ಥಕ್ಕೆ ಹತ್ತಿರದ ಕನ್ನಡ. ನನ್ನ ಡಿಕ್ಷನರಿಗಿಂತ ಅವನ ಸಿಟ್ಟು ಸರಿಯಾಗಿತ್ತು.

ಗದಗಿಗೆ ಹೋದಾಗಲೆಲ್ಲ ಬೆಟಗೇರಿ ದಾಟುತ್ತೇನೆ. ಬಾಸೆಲ್ ಮಿಷನ್ನಿನವರು ಅಲ್ಲಿ 1841ರಲ್ಲೇ ನೆಲೆ ಊರಿದ್ದರು. ಅದೇ ಮಿಷನ್ನಿನಿಂದ 1853ರಲ್ಲಿ ಕನ್ನಡ ನಾಡಿಗೆ ಬಂದ ಕಿಟೆಲ್ ತನ್ನ ನಿಘಂಟನ್ನು ಅಚ್ಚಿನಲ್ಲಿ ಪೂರ್ತಿಯಾಗಿ ಕಂಡದ್ದು 1894ರಲ್ಲಿ. ನಡುವೆ ನಲವತ್ತು ವರ್ಷ. ಕಾವ್ಯ, ಗಾದೆ, ಆಡುಮಾತು ಎಲ್ಲವನ್ನೂ ಹುಡುಕಿ, ಪದವನ್ನು ಎಲ್ಲಿ ಹೇಗೆ ಬಳಸುತ್ತಾರೆ ಎಂದು ನೋಡಿ ಅರ್ಥ ಬರೆದ. ಹೊರಗಿನವನಾದ್ದರಿಂದ ಅವನು ಕೇಳಲೇಬೇಕಿತ್ತು. ನಾನು ಒಳಗಿನವಳು ಎಂಬ ಧೈರ್ಯದಲ್ಲಿ ಬಸ್ಸಿನಲ್ಲೇ ಕೂತು ಬರೆದೆ.

ಪದ ತಪ್ಪಿದರೆ ಬರಿ ಮನಸ್ಸು ನೋಯುವುದಿಲ್ಲ, ಲೆಕ್ಕವೂ ತಪ್ಪುತ್ತದೆ. ನಮ್ಮ ದೇಶದ ಕೃಷಿ ಅಂಕಿಅಂಶದಲ್ಲಿ ಭೂಮಿಯನ್ನು ಒಂಬತ್ತು ವರ್ಗ ಮಾಡುತ್ತಾರೆ. ಮೊದಲು ಐದಿದ್ದವು, ಸ್ವಾತಂತ್ರ್ಯದ ನಂತರ ಒಂಬತ್ತಾದವು. ಅದರಲ್ಲಿ ಫ್ಯಾಲೋ ಎರಡು ಬಗೆ. ಈ ಒಂದು ವರ್ಷ ಮಾತ್ರ ಬಿತ್ತದೆ ಬಿಟ್ಟದ್ದು ಒಂದು, ವರ್ಷದ ಮೇಲಾಗಿ ಐದು ವರ್ಷದ ಒಳಗಿದ್ದದ್ದು ಇನ್ನೊಂದು. ಐದು ವರ್ಷ ದಾಟಿದರೆ ಅದು ಫ್ಯಾಲೋ ಅಲ್ಲ, 'ಸಾಗುವಳಿಗೆ ಯೋಗ್ಯವಾದ ಬೀಳು' ಎಂಬ ಮತ್ತೊಂದು ಮನೆಗೆ ಹೋಗುತ್ತದೆ. ವರ್ಷ ಎಂದರೆ ಇಲ್ಲಿ ಜುಲೈಯಿಂದ ಜೂನ್. ಅಜ್ಜನ ಹರಗಿದ ಹೊಲದಲ್ಲಿ ಅಕ್ಟೋಬರಿನಲ್ಲಿ ಕಡಲೆ ಬೀಳುತ್ತದೆ. ಆದ್ದರಿಂದ ಅದು ಯಾವ ಫ್ಯಾಲೋವೂ ಅಲ್ಲ, ಬಿತ್ತಿದ ಭೂಮಿಯೇ. ಆಗಸ್ಟಿನಲ್ಲಿ ನನ್ನ ಪ್ರಶ್ನೆಗೆ ಎಲ್ಲರೂ ಮುಗ್ಧವಾಗಿ ಉತ್ತರ ಕೊಟ್ಟಿದ್ದರೆ ಅರ್ಧ ಮುಂಡರಗಿ ತಾಲ್ಲೂಕು ನನ್ನ ಕೋಷ್ಟಕದಲ್ಲಿ ಪಾಳು ಬೀಳುತ್ತಿತ್ತು.

ಕೋಷ್ಟಕದಲ್ಲಿ ಪಾಳು ಬಿದ್ದರೆ ಏನಾಗುತ್ತದೆ ಎಂದು ಕೇಳಬಹುದು. ಬ್ರಿಟಿಷರ ಕಂದಾಯದ ಭಾಷೆಯಲ್ಲಿ ತೆರಿಗೆ ಬಾರದ ನೆಲವೆಲ್ಲ ವ್ಯರ್ಥ ನೆಲವಾಗಿತ್ತು. ಅಲ್ಲಿ ಯಾರ ದನ ಮೇಯುತ್ತಿದ್ದವು, ಯಾರು ಕಟ್ಟಿಗೆ ತರುತ್ತಿದ್ದರು ಎಂಬುದಕ್ಕೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ನಮ್ಮ ಕಡೆಯ ರೈತರಿಗೆ ಇದು ಓದಿ ತಿಳಿಯಬೇಕಾದ ವಿಷಯವೂ ಅಲ್ಲ. 2011ರಲ್ಲಿ ಇದೇ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಮೂರು ಸಾವಿರಕ್ಕೂ ಹೆಚ್ಚು ಎಕರೆ ಗುರುತಿಸಲಾಗಿತ್ತು. ರೈತರು ಒಪ್ಪಲಿಲ್ಲ. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಅವರ ಜೊತೆ ನಿಂತರು. ಅದೇ ವರ್ಷ ಸರ್ಕಾರ ಹಿಂದೆ ಸರಿಯಿತು. ಅದನ್ನು ಕಂಡ ಜನರ ಎದುರು ಕಾಗದ ಹಿಡಿದುಕೊಂಡು ಬಂದು 'ಪಾಳು ಎಷ್ಟು?' ಎಂದು ಕೇಳಿದರೆ ಅವರು ಚಹಾದ ಬಟ್ಟಲು ಕೆಳಗಿಡುವುದು ಸಹಜ.

ಪ್ರಶ್ನಾವಳಿ ಬದಲಿಸಿದೆ. ಹನ್ನೊಂದನೆಯ ಪ್ರಶ್ನೆ ಮೂರಾಯಿತು. ಈ ಮುಂಗಾರಿಗೆ ಬಿತ್ತಿದ್ದು ಎಷ್ಟು, ಹಿಂಗಾರಿಗೆ ಅಂತ ಹರಗಿ ಬಿಟ್ಟದ್ದು ಎಷ್ಟು, ಪಡಾ ಬಿದ್ದದ್ದು ಎಷ್ಟು ಮತ್ತು ಯಾವಾಗಿನಿಂದ. ಶಿರಹಟ್ಟಿ ಕಡೆಯ ಊರುಗಳಿಗೆ ಹೋದಾಗ ಇದೂ ಸಾಲಲಿಲ್ಲ. ಅಲ್ಲಿ ಮಸಾರಿ ಭೂಮಿ ಹೆಚ್ಚು. ಕೆಂಪು ಮಣ್ಣು ಹಸಿ ಹಿಡಿದಿಡುವುದಿಲ್ಲ, ಹರಗಿ ಕಾಯುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮುಂಗಾರಿಗೆ ಶೇಂಗಾ ಹಾಕಿ, ಕಿತ್ತ ಮೇಲೆ ಮುಂದಿನ ಮಳೆಯವರೆಗೆ ಹೊಲ ಬರಿದು. ಆದರೂ ಖಾಲಿ ಇರುವುದಿಲ್ಲ. ಕುರಿಗಾರರು ಬಂದು ರಾತ್ರಿ ಹಿಂಡು ನಿಲ್ಲಿಸುತ್ತಾರೆ, ಹೊಲಕ್ಕೆ ಗೊಬ್ಬರ, ಅವರಿಗೆ ಕಾಳು ಅಥವಾ ರೊಕ್ಕ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳೂ ಸುತ್ತಲಿನ ಹೊಲಗಳಲ್ಲೇ ಮೇಯುತ್ತವೆ. ಬಿತ್ತದ ನೆಲಕ್ಕೂ ಅದರದೇ ವ್ಯವಹಾರವಿದೆ.

ಇನ್ನೊಂದು ಸಂಗತಿಯೂ ಕಂಡಿತು. ಹರಗಿ ಬಿಡುವ ರೂಢಿಯೇ ಕಡಿಮೆಯಾಗುತ್ತಿದೆ. ಮುಂಗಾರಿಗೆ ಎಪ್ಪತ್ತು ದಿನದ ಹೆಸರು ಹಾಕಿ, ಅದನ್ನು ಬಿಡಿಸಿ ಹಿಂಗಾರಿಗೆ ಕಡಲೆ ಹಾಕುವವರೇ ಈಗ ಹೆಚ್ಚು. ಸಿಂಗಟಾಲೂರು ಏತ ನೀರಾವರಿಯ ನೀರು ಸಿಕ್ಕ ಕಡೆ ಲೆಕ್ಕವೇ ಬೇರೆ. ಒಂದು ಮನೆಯಲ್ಲಿ ನನ್ನ ವಯಸ್ಸಿನವನೊಬ್ಬ ನನ್ನ ಪ್ರಶ್ನೆ ಕೇಳಿ "ಹರಗಿ ಬಿಟ್ಟದ್ದು ಅಂದ್ರ ಖಾಲಿ ಬಿಟ್ಟದ್ದೇನ್ರಿ?" ಎಂದು ನನ್ನನ್ನೇ ಕೇಳಿದ. ಇಂಗ್ಲೆಂಡಿನ ಪದಕ್ಕೆ ಆದದ್ದೇ ಇಲ್ಲೂ ಆಗುತ್ತಿದೆ ಅನ್ನಿಸಿತು. ಕೆಲಸ ಹೋದರೆ ಅದರ ಹೆಸರಿನೊಳಗಿನ ಅರ್ಥವೂ ನಿಧಾನಕ್ಕೆ ಹೋಗುತ್ತದೆ.

ಅಜ್ಜನ ಮನೆಗೆ ಮತ್ತೆ ಹೋದದ್ದು ಅಕ್ಟೋಬರಿನಲ್ಲಿ. ಹೋಗಲು ನನಗೆ ನಾಚಿಕೆಯಿತ್ತು. ಅವ್ವ ಒಂದು ಡಬ್ಬಿ ಶೇಂಗಾ ಹೋಳಿಗೆ ಕಟ್ಟಿ ಕಳಿಸಿದಳು. ಅಜ್ಜ ಹೊಲದಲ್ಲಿದ್ದ. ಹರಗಿದ ಹೊಲದಲ್ಲಿ ಕಡಲೆ ಬಿತ್ತಿಗೆ ಮುಗಿದು ಎರಡು ದಿನವಾಗಿತ್ತು. ಬದುವಿನ ಮೇಲೆ ಕೂತು ಹೋಳಿಗೆ ತಿಂದೆವು. ನಾನು ಮೊದಲು ತಪ್ಪಾಯಿತು ಅಂದೆ. ಪಾಳು ಅನ್ನುವುದು ಇಂಗ್ಲಿಷ್ ಪುಸ್ತಕದಿಂದ ತೆಗೆದುಕೊಂಡದ್ದು, ಅದು ಇಲ್ಲಿಗೆ ಹೊಂದುವುದಿಲ್ಲ ಎಂದು ಹೇಳಿ, ಹೊಸ ಪ್ರಶ್ನೆಗಳನ್ನು ಓದಿದೆ.

ಹರಗಿ ಬಿಟ್ಟದ್ದು ಆರು ಎಕರೆ ಅಂದ. ನಾನು ಬರೆದುಕೊಂಡೆ. ಪಡಾ?

ಅಜ್ಜ ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ ಹಳ್ಳದ ಆಚೆ ಕೈ ತೋರಿಸಿದ. ಜಾಲಿ ಕಂಟಿ ಎದೆಮಟ್ಟ ಬೆಳೆದಿದ್ದ ಒಂದು ತುಂಡು ನೆಲ.

"ಎರಡ ಎಕರೆ. ಮೂರ ವರ್ಷಾತು. ಮಗಾ ಗೋವಾಕ್ಕ ಹೋದಾಗಿಂದ."

ಅವತ್ತು ಅಜ್ಜನಿಗೆ ಯಾಕೆ ಅಷ್ಟು ಸಿಟ್ಟು ಬಂದಿತ್ತು ಎಂದು ನನಗೆ ತಿಳಿದದ್ದು ಆಗ. ಆರು ಎಕರೆಗೆ ನನ್ನ ಪದ ಸುಳ್ಳಾಗಿತ್ತು. ಎರಡು ಎಕರೆಗೆ ಅದು ನಿಜಕ್ಕೆ ತೀರ ಹತ್ತಿರವಿತ್ತು. ಊರಲ್ಲಿ ಯಾರಾದರೂ ಆ ಮಾತು ಅಂದಾರು ಎಂದು ಮೂರು ವರ್ಷದಿಂದ ಅಂಜುತ್ತ ಕೂತವನ ಮನೆಗೆ ನಾನು ಹೋಗಿ, ಅದನ್ನೇ ಗಟ್ಟಿಯಾಗಿ ಎರಡು ಸಲ ಓದಿದ್ದೆ.

"ಹಂಗಂದ್ರ ಇದು..." ಎಂದು ತಡವರಿಸಿದೆ.

"ಪಡಾ ಅಂತ ಬರಿ. ಪಾಳು ಬರೀಬ್ಯಾಡ. ಪಡಾ ಬಿದ್ದದ್ದನ್ನ ಯಾರರ ಬಂದು ಹೂಡಿದ್ರ ಮತ್ತ ಹೊಲಾನ ಆಗತೈತಿ. ಪಾಳಂದ್ರ ಮುಗೀತು."

"ಮಗಾ ಬರತಾನೇನ ಯಜ್ಜಾ?"

"ಬರಲಿ ಬಿಡಲಿ. ನಾ ಕೇಳಿದ್ದು ಹೊಲದ ಮಾತು."

ಬರೆದುಕೊಂಡೆ. ಮೂರು ವರ್ಷ ಎಂದರೆ ಲೆಕ್ಕದ ಪ್ರಕಾರ ಒಂದು ವರ್ಷ ದಾಟಿದ, ಐದರೊಳಗಿನ ಫ್ಯಾಲೋ. ಇನ್ನೆರಡು ವರ್ಷ ಕಳೆದರೆ ಅದರ ಮನೆ ಬದಲಾಗುತ್ತದೆ, ಬೀಳಿನ ಪಟ್ಟಿಗೆ ಸೇರುತ್ತದೆ. ಅದನ್ನು ನಾನು ಅಜ್ಜನಿಗೆ ಹೇಳಲಿಲ್ಲ.

ನನ್ನ ಪ್ರಬಂಧ ಇಂಗ್ಲಿಷಿನಲ್ಲೇ ಇರುತ್ತದೆ. ಫ್ಯಾಲೋ ಎಂಬ ಪದವಿಲ್ಲದೆ ಅದನ್ನು ಬರೆಯಲಾಗುವುದಿಲ್ಲ. ಕಳೆದ ತಿಂಗಳು ಮೂರನೆಯ ಅಧ್ಯಾಯ ಕಳಿಸಿದಾಗ ಮಾರ್ಗದರ್ಶಕರು, ಒಂದು ಕಾಲಂ ಸಾಕಿದ್ದಲ್ಲಿ ಮೂರು ಯಾಕೆ, 'ಹರಗಿ', 'ಪಡಾ' ಎಂದು ಕನ್ನಡದಲ್ಲೇ ಯಾಕೆ ಬಿಟ್ಟಿದ್ದೀಯಾ ಎಂದು ಅಂಚಿನಲ್ಲಿ ಬರೆದು ಕಳಿಸಿದರು. ಉತ್ತರ ಬರೆಯುತ್ತ ಕೂತಾಗ ಶಾಲೆಯ ಪಟ್ಟಿ ನೆನಪಾಯಿತು. ಪದ, ಅರ್ಥ, ಸ್ವಂತ ವಾಕ್ಯ. ಕೊನೆಗೆ ಹೀಗೆ ಬರೆದು ಕಳಿಸಿದೆ: 'ಈ ರೈತನ ಆರು ಎಕರೆ ಮುಂಗಾರಿನಲ್ಲಿ ಹರಗಿ ಬಿಟ್ಟದ್ದು, ಎರಡು ಎಕರೆ ಮೂರು ವರ್ಷಗಳಿಂದ ಪಡಾ. ಎಂಟು ಎಕರೆಯಲ್ಲಿ ಪಾಳು ಯಾವುದೂ ಇಲ್ಲ.'